ಒಂಬತ್ತು ಮನೆಯ ಆಟ

ಕೌಲ್‌ಬಜಾರಿನ ನನ್ನ ಅಂಗಡಿಯಲ್ಲಿ
ಎರಡು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಟೇಬಲ್ ಫ್ಯಾನು.
ಫ್ಯಾನು ಪ್ರಿಂಟರಿನ ಕಡೆಗೇ ತಿರುಗಿರುತ್ತದೆ.
ಬಳ್ಳಾರಿಯ ಏಪ್ರಿಲ್‌ನಲ್ಲಿ ನಮಗಿಂತ ಮೊದಲು
ತಲೆ ಸುತ್ತುವುದು ಅದಕ್ಕೆ.

ಎರ್ರೆಮ್ಮ ಬಂದಳು.
ಜೀನ್ಸ್ ಪ್ಯಾಂಟುಗಳ ಎಳೆ ಕತ್ತರಿಸುವವಳು, ಪೀಸಿಗೆ ಇಷ್ಟು ಅಂತ.
ಸೆರಗಿಗೆ ಅಂಟಿ ಬಂದ ದಾರದ ಚೂರು,
ಉಗುರ ಸಂದಿಯಲ್ಲಿ ಯಾವ ಸೋಪಿಗೂ ಬಗ್ಗದ ನೀಲಿ.
'ಮನೆ ಪಟ್ಟ್ಯಾಗ ನನ್ನ ಹೆಸರು ಬಂದೈತಾ ನೋಡಪ್ಪಾ.'

ಮೊದಲು ಈ ಪಟ್ಟಿಯನ್ನು
ವಾರ್ಡ್ ಆಫೀಸಿನ ಗೋಡೆಗೆ ಮೈದಾ ಗೋಂದಿನಲ್ಲಿ ಹಚ್ಚುತ್ತಿದ್ದರು.
ಓದು ಬಂದವರು ಬಾರದವರಿಗೆ ಓದಿ ಹೇಳುತ್ತಿದ್ದರು.
ಮೇಕೆ ಕೂಡ ಓದುತ್ತಿತ್ತು, ಕೆಳಗಿನ ಆರು ಹೆಸರು
ತಿಂದೂ ಬಿಡುತ್ತಿತ್ತು.
ನೀನು ಮನುಷ್ಯನೇ ಎಂದು
ಗೋಡೆ ಮೇಕೆಯನ್ನೂ ಕೇಳಿರಲಿಲ್ಲ.

ಈಗ ಪರದೆಯ ಮೇಲೆ ಒಂಬತ್ತು ಮನೆ.
ಬೆಂಕಿ ಆರಿಸುವ ನಲ್ಲಿ ಎಲ್ಲೆಲ್ಲಿದೆ ಒತ್ತಿರಿ.
ಎರ್ರೆಮ್ಮ ಬಗ್ಗಿ ನೋಡಿದಳು. ಬೀದಿ ಬದಿಗೆ ಕುಳ್ಳಗೆ,
ಮೈತುಂಬ ಕೆಂಪು.
'ಯಾವ ಊರ ದ್ಯಾವ್ರಪ್ಪಾ ಇದು?'
ಇಪ್ಪತ್ತು ವರ್ಷದಿಂದ ಒತ್ತುತ್ತಿದ್ದೇನೆ, ಒಂದನ್ನೂ ಕಣ್ಣಾರೆ ಕಂಡಿಲ್ಲ.

ಆಮೇಲೆ ಗುಡ್ಡ.
ಅವರ ಗುಡ್ಡಗಳ ತಲೆಯಲ್ಲಿ ಹಿಮ.
ನಮ್ಮದು ಒಂದೇ ಕಲ್ಲಿನದು, ಕಿಟಕಿಯಾಚೆ ಹಂಚಿನಂತೆ ಕಾಯುತ್ತಿದೆ.
ಸಂಡೂರಿನ ಕಡೆ ಅರ್ಧ ಲಾರಿ ಹತ್ತಿ ಹೋಗಿ
ಅರ್ಧ ಉಳಿದಿದೆಯಲ್ಲ,
ಅದನ್ನು ಒತ್ತಬೇಕೋ ಬಿಡಬೇಕೋ
ಯಂತ್ರಕ್ಕೆ ಹೇಳಿಕೊಡುವವರು ಯಾರು?

ತಪ್ಪು. ಮತ್ತೆ ಪ್ರಯತ್ನಿಸಿ.

ನನ್ನ ಅಂಗಡಿಯ ಮೇಲೆ ಅದಕ್ಕೆ ಮೊದಲಿಂದಲೂ ಗುಮಾನಿ.
ಬೆಳಗ್ಗೆ ಇದೇ ಕುರ್ಚಿಯಲ್ಲಿ ಹಜ್ ಫಾರಂ,
ಅದಾದ ಮೇಲೆ ಐಟಿಐ ಮಾರ್ಕ್ಸ್ ಕಾರ್ಡು,
ಬಾಗಿಲು ಅರ್ಧ ಎಳೆದು ಒಬ್ಬಳು ನೋಡಿಕೊಂಡ ರಕ್ತದ ರಿಪೋರ್ಟು.
ಒಬ್ಬನೇ ಮನುಷ್ಯ ಇಷ್ಟೆಲ್ಲ ಆಗುವುದುಂಟೆ?
ಅವರು ಎದ್ದು ಹೋದರು. ಅದು ಮರೆಯಲಿಲ್ಲ.
ನಾನು ಅವಳ ಮುಖ ನೋಡದೆ ಪ್ರಿಂಟ್ ಕೊಟ್ಟಿದ್ದೆ,
ಅದು ನೋಡಿತ್ತು.

ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಒಳದಾರಿ:
ಮೊಬೈಲ್ ನಂಬರು ಕೊಡಿ, ಇನ್ನೆಂದೂ ಕೇಳುವುದಿಲ್ಲ.
ಓದಿ ಹೇಳಿದೆ.
'ಯಾಕ ಕೊಡ್ಲಿ? ಪಟ್ಟಿ ನೋಡಾಕ ಬಂದೀನಿ,
ಬೀಗತನ ಮಾಡಾಕ ಬಂದಿಲ್ಲ.'

ಚಿಕ್ಕವರಿದ್ದಾಗ ಹೊಸ್ತಿಲ ಕಲ್ಲಿನ ಮೇಲೆ
ಇಪ್ಪತ್ತೈದು ಮನೆ ಗೀಚಿ ಚೌಕಾಬಾರ ಆಡಿದ್ದೆವು.
ಅಡ್ಡಗೀಟಿನ ಮನೆ ಕಟ್ಟೆ.
ಕಟ್ಟೆಯಲ್ಲಿ ಕೂತ ಕಾಯಿಯನ್ನು ಯಾರೂ ಕಡಿಯುವಂತಿಲ್ಲ,
ದಾಯ ಯಾರದೇ ಇರಲಿ.
ಈ ಒಂಬತ್ತರಲ್ಲಿ ಕಟ್ಟೆ ಹುಡುಕುತ್ತೇನೆ. ಸಿಕ್ಕಿಲ್ಲ.

'ತಾ ಇಲ್ಲಿ' ಎಂದು ಮೌಸು ತಾನೇ ಹಿಡಿದಳು.
ಮೂವತ್ತು ವರ್ಷ ಕತ್ತರಿ ಹಿಡಿದ ಕೈ,
ಖಾಲಿಯಿದ್ದರೂ ಕತ್ತರಿಸುವ ಕೈ.
ಬಾಣದ ಗುರುತು ಪರದೆ ತುಂಬ ತಡವರಿಸಿ, ದಾರಿ ತಪ್ಪಿ,
ಅಂತೂ ಪುಟ್ಟ ಚೌಕಕ್ಕೆ ಬಂದು ಬಿತ್ತು.
ಹಸಿರು.
ಮನುಷ್ಯಳು ಎಂದು ಒಪ್ಪಿತು.

ಒಪ್ಪಿದ್ದು ಅವಳನ್ನಲ್ಲ, ಆ ನಡುಕವನ್ನು.
ಡಾಕ್ಟರಿಗೂ ತೋರಿಸದೆ ಸೆರಗಿನಡಿ ಇಟ್ಟುಕೊಂಡಿದ್ದ ನಡುಕ
ಈಗ ಯಾವ ದೇಶದ ಯಾರ ಕಪಾಟಿನಲ್ಲಿದೆಯೋ.
ಅವಳಿಗೆ ಹೇಳಲೇ ಎಂದು ಬಾಯಿ ತೆರೆದೆ.
ಹೇಳಲಿಲ್ಲ.

ಪಟ್ಟಿ ತೆರೆಯಿತು. ಕೆಳಗೆ, ಕೆಳಗೆ,
ನೂರಾ ಹದಿನೇಳು. ಗಂಡನ ಹೆಸರು ದಿವಂಗತ ಮಾರೆಪ್ಪ, ಸರಿ.
ವಾರ್ಡು ಸರಿ. ಹೆಸರಿನ ಜಾಗದಲ್ಲಿ
ಇಂಗ್ಲಿಷಿಗೆ ಹೋಗಿ ಕನ್ನಡಕ್ಕೆ ವಾಪಸು ಬಂದ ನಮ್ಮ ಎರ್ರೆಮ್ಮ:

ಯಾರಮ್ಮ.

ಓದಿ ಹೇಳಿದೆ. ನಕ್ಕೇ ನಕ್ಕಳು,
ಕೆಮ್ಮು ಬರುವವರೆಗೆ.
'ಇದೂ ಅದನ್ನ ಕೇಳಾಕ ಹತ್ತೈತಲ್ಲಪ್ಪಾ!'

ಪ್ರಿಂಟಿಗೆ ಐದು ರೂಪಾಯಿ.
ಬೇಡ ಅಂದರೂ ಟೇಬಲ್ ಮೇಲಿಟ್ಟು ಹೋದಳು.
ನಾಣ್ಯದ ಜೊತೆ ಒಂದೆಳೆ ನೀಲಿ ದಾರ.
ಫ್ಯಾನು ಅತ್ತ ತಿರುಗಿಸಿದರೆ ಹಾರಿಹೋದೀತು,
ತಿರುಗಿಸಿಲ್ಲ.